ಪೋಕೆಮಾನ್ ರೆಡ್‌ನಲ್ಲಿ ಓಕ್ ಜೊತೆ ಕಾಳಗ ನಿಜವಾಗಿ ಇದೆಯಾ? ಇದ್ದರೆ ಅಳಿಸದೆ ಯಾಕೆ ಬಿಟ್ಟರು?

ಪ್ರಶ್ನೆ: ಫೋನಿನಲ್ಲಿ ಎಮ್ಯುಲೇಟರ್ (ಹಳೆಯ ಯಂತ್ರದ ಆಟ ಆಡಿಸೋ ಆ್ಯಪ್) ಹಾಕಿಕೊಂಡು ಪೋಕೆಮಾನ್ ರೆಡ್ ಪೂರ್ತಿ ಮುಗಿಸಿದೆ. ಅದರಲ್ಲಿ ಪ್ರೊಫೆಸರ್ ಓಕ್ ಜೊತೆ ಒಂದು ಕಾಳಗ ಇತ್ತು, ಆಮೇಲೆ ತೆಗೆದುಬಿಟ್ಟರು, ಆದರೆ ಫೈಲಿನಲ್ಲಿ ಇನ್ನೂ ಇದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಬಂದರಿನ ಹತ್ತಿರ ನಿಂತಿರುವ ಲಾರಿಯ ಕೆಳಗೆ ಮ್ಯೂ ಅನ್ನೋ ಪೋಕೆಮಾನ್ ಸಿಗುತ್ತೆ ಅಂತ ನನ್ನ ಅಣ್ಣ ಈಗಲೂ ವಾದ ಮಾಡ್ತಾನೆ. ಯಾವುದು ನಿಜ? ತೆಗೆದಿದ್ದೇ ಹೌದಾದರೆ ಅಳಿಸದೆ ಯಾಕೆ ಬಿಟ್ಟರು? ನಾನೇ ಹುಡುಕಿ ನೋಡಬಹುದಾ? (ಒಬ್ಬ ಓದುಗರು, ದಾವಣಗೆರೆ)

ಉತ್ತರ: ಓಕ್ ಕಾಳಗ ನಿಜ. ಲಾರಿ ಕೆಳಗಿನ ಮ್ಯೂ ಸುಳ್ಳು. ಆದರೆ ಮ್ಯೂ ಆ ಆಟದೊಳಗೆ ಇರೋದು ಮಾತ್ರ ನಿಜ. ನೀವೇ ಹುಡುಕಬಹುದಾ ಅಂದ್ರೆ, ಖಂಡಿತ ಹುಡುಕಬಹುದು. ಅದಕ್ಕೆ ಬೇಕಾದ ಸಂಖ್ಯೆಗಳನ್ನೂ ಕೆಳಗೆ ಕೊಟ್ಟಿದ್ದೇನೆ.

ಇಂಥ ಯಾವ ಸುದ್ದಿ ಕೇಳಿದರೂ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಒಂದು, ಆ ವಸ್ತುವಿನ ಡೇಟಾ ಫೈಲಿನಲ್ಲಿ ಇದೆಯಾ? ಎರಡು, ಆಟ ನಡೆಯುವಾಗ ಅಲ್ಲಿಗೆ ತಲುಪೋ ದಾರಿಯನ್ನು ಕೋಡ್‌ನಲ್ಲಿ ಯಾರಾದರೂ ಬರೆದಿದ್ದಾರಾ? ಡೇಟಾ ಇದ್ದು ದಾರಿ ಇಲ್ಲದಿದ್ದರೆ ಅದು ಬಳಸದೆ ಉಳಿದದ್ದು. ಎರಡೂ ಇಲ್ಲದಿದ್ದರೆ ಅದು ಸುಮ್ನೆ ಗಾಳಿಸುದ್ದಿ. ದಾರಿ ಇದೆ, ಆದರೆ ಬಾಗಿಲಿಗೆ ಬೀಗ ಬಿದ್ದಿದೆ ಅನ್ನೋದು ಮೂರನೇ ಜಾತಿ. ಅದು ಬೇರೆಯೇ ಕಥೆ, ಮುಂದೆ ಹೇಳ್ತೀನಿ.

ಮೊದಲು ಓಕ್ ವಿಷಯ ಮುಗಿಸೋಣ. ನಾನು ಹೇಳ್ತಿರೋದೆಲ್ಲ 1998ರಲ್ಲಿ ಬಂದ ಇಂಗ್ಲಿಷ್ ರೆಡ್ ಮತ್ತು ಬ್ಲೂ ಬಗ್ಗೆ. ನಮ್ಮ ಕಡೆ ಗೇಮ್ ಬಾಯ್ (ನಿಂಟೆಂಡೊ ಕಂಪನಿಯ ಆಟದ ಯಂತ್ರ) ಕೈಯಲ್ಲಿ ಹಿಡಿದು ಆಡಿದವರು ಕಡಿಮೆ, ಎಮ್ಯುಲೇಟರ್‌ನಲ್ಲಿ ಆಡಿದವರೇ ಜಾಸ್ತಿ, ಅವರ ಹತ್ತಿರ ಇರೋದೂ ಸಾಮಾನ್ಯವಾಗಿ ಇದೇ. ಈ ಆಟದಲ್ಲಿ ನಿಮ್ಮ ಎದುರು ಕಾಳಗಕ್ಕೆ ನಿಲ್ಲುವ ಪ್ರತಿ ಟ್ರೇನರ್‌ಗೂ (ಪೋಕೆಮಾನ್ ಸಾಕಿ ಕಾಳಗ ಆಡಿಸುವವರು) ಒಂದು ವರ್ಗದ ಸಂಖ್ಯೆ ಇರುತ್ತದೆ. ಆ ವರ್ಗಕ್ಕೆ ಒಂದು ಹೆಸರು, ಒಂದು ಚಿತ್ರ, ಸೋತರೆ ಕೊಡೋ ಹಣದ ಲೆಕ್ಕ, ಆಮೇಲೆ ಅವರ ಪೋಕೆಮಾನ್ ತಂಡಗಳ ಪಟ್ಟಿ. 26ನೇ ವರ್ಗ ಪ್ರೊಫೆಸರ್ ಓಕ್. ಹೆಸರು ಇದೆ, ಹಣದ ಲೆಕ್ಕ ಇದೆ. ಚಿತ್ರವಂತೂ ಆಟದ ಮೊದಲ ದೃಶ್ಯದಲ್ಲೇ ಬರುತ್ತದೆ, ಹಾಗಾಗಿ ಅದೂ ಇದೆ. ತಂಡಗಳು ಒಂದಲ್ಲ, ಮೂರು. ಮೊದಲ ತಂಡವನ್ನು ಫೈಲಿನಲ್ಲಿ ಹೇಗೆ ಬರೆದಿದ್ದಾರೋ ಹಾಗೇ ನೋಡಿ:

255, 66, 60, 67, 10, 68, 20, 69, 28, 70, 22, 0

ಮೊದಲಿನ 255 ಅಂದ್ರೆ ‘ಈ ತಂಡದಲ್ಲಿ ಪ್ರತಿಯೊಂದರ ಲೆವೆಲ್ ಬೇರೆ ಬೇರೆ’ ಅನ್ನೋ ಗುರುತು. ಆಮೇಲೆ ಜೋಡಿ ಜೋಡಿಯಾಗಿ ಓದಬೇಕು. 66ನೇ ಲೆವೆಲ್‌ನ ಟೌರೋಸ್, ಅದರ ಒಳಸಂಖ್ಯೆ 60. 67ರ ಎಕ್ಸೆಗ್ಯುಟರ್, 68ರ ಆರ್ಕನೈನ್, 69ರ ಬ್ಲಾಸ್ಟಾಯ್ಸ್, 70ರ ಗ್ಯಾರಡೋಸ್. ಕೊನೆಯ ಸೊನ್ನೆ ಅಂದ್ರೆ ತಂಡ ಮುಗಿಯಿತು. ಉಳಿದ ಎರಡು ತಂಡಗಳೂ ಇವೇ, ಬ್ಲಾಸ್ಟಾಯ್ಸ್ ಜಾಗದಲ್ಲಿ ಒಂದರಲ್ಲಿ ವೀನಸಾರ್, ಇನ್ನೊಂದರಲ್ಲಿ ಚಾರಿಝಾರ್ಡ್. ಒಂದು ತಂಡಕ್ಕೆ 12 ಬೈಟ್, ಮೂರಕ್ಕೆ 36. ಅಷ್ಟೇ. ಆ ವಿಡಿಯೊದವರು ಅಷ್ಟೊಂದು ಸದ್ದು ಮಾಡಿದ್ದು ಈ 36 ಬೈಟ್‌ಗೆ.

ಆದರೆ ಆ 36 ಬೈಟ್ ಎಷ್ಟು ಹೇಳುತ್ತವೆ ನೋಡಿ. ಆಟದ ಕೊನೆಯ ಚಾಂಪಿಯನ್ ನಿಮ್ಮ ಎದುರಾಳಿ ಹುಡುಗ, ಅವನ ಅತಿ ಹೆಚ್ಚಿನ ಲೆವೆಲ್ 65. ಓಕ್ ತಂಡ ಶುರುವಾಗೋದೇ 66ರಿಂದ. ಅಂದ್ರೆ ಬರೆದವರ ಮನಸ್ಸಿನಲ್ಲಿ ಓಕ್ ಇದ್ದದ್ದು ಚಾಂಪಿಯನ್ ಆದ ಮೇಲೆ. ಮೂರು ತಂಡ ಬರೆದಿದ್ದಾರೆ ಅಂದ್ರೆ ನೀವು ಶುರುವಿನಲ್ಲಿ ಯಾವ ಪೋಕೆಮಾನ್ ಆರಿಸಿಕೊಂಡಿರಿ ಅನ್ನೋದಕ್ಕೆ ತಕ್ಕಂತೆ ತಂಡ ಬದಲಾಗಬೇಕಿತ್ತು ಅನ್ನೋದೂ ಸ್ಪಷ್ಟ. ಇದು ಯಾರೋ ಬೇಸರಕ್ಕೆ ಟೈಪ್ ಮಾಡಿಟ್ಟ ಸಂಖ್ಯೆಗಳಲ್ಲ, ಯೋಚನೆ ಮಾಡಿ ಹಾಕಿದ್ದು. ಚಾಂಪಿಯನ್ ಸೋತ ತಕ್ಷಣ ಓಕ್ ಆ ಕೋಣೆಗೆ ನಡೆದು ಬರ್ತಾರಲ್ಲ, ಕಾಳಗ ಅಲ್ಲೇ ಇತ್ತು ಅಂತ ತುಂಬಾ ಜನ ಹೇಳ್ತಾರೆ. ಅದು ಊಹೆ. ಒಳ್ಳೆಯ ಊಹೆಯೇ ಇರಬಹುದು, ಆದರೆ ಫೈಲಿನಲ್ಲಿ ಜಾಗದ ಹೆಸರು ಬರೆದಿಲ್ಲ. ಯಾವ ಊರಿನ, ಯಾವ ಕೋಣೆಯ ಸ್ಕ್ರಿಪ್ಟ್ ಕೂಡ 26ನೇ ವರ್ಗವನ್ನು ಕಾಳಗಕ್ಕೆ ಕರೆಯೋದಿಲ್ಲ. ಡೇಟಾ ಇದೆ, ದಾರಿ ಇಲ್ಲ.

ಇನ್ನು ಲಾರಿ. ಇದಕ್ಕೆ ಜಾಸ್ತಿ ಹೊತ್ತು ಬೇಡ. ವರ್ಮಿಲಿಯನ್ ಬಂದರಿನಲ್ಲಿ ಹಡಗು ಹೊರಟುಹೋದ ಮೇಲೆ ಸಾಮಾನ್ಯವಾಗಿ ಅಲ್ಲಿಗೆ ವಾಪಸ್ ಹೋಗೋಕೆ ಬಿಡಲ್ಲ. ಆದರೆ ಹಡಗು ಹೊರಡದ ಹಾಗೆ ನೋಡಿಕೊಂಡು, ಆಮೇಲೆ ಸರ್ಫ್ ಕಲಿತು ಬಂದರೆ, ನೀರಿನ ಮೇಲೆ ಸಾಗಿ ಆ ಲಾರಿ ತನಕ ಹೋಗಬಹುದು. ಇಡೀ ಆಟದಲ್ಲಿ ಲಾರಿ ಇರೋದು ಅಲ್ಲಿ ಮಾತ್ರ. ಅಷ್ಟು ಕಷ್ಟಪಟ್ಟು ಹೋದವರಿಗೆ ಅಲ್ಲಿ ಏನೋ ಇರಲೇಬೇಕು ಅನ್ನಿಸೋದು ಸಹಜ ಅಲ್ವಾ. ಆದರೆ ಆ ಲಾರಿ ನೆಲದ ಚಿತ್ರದ ಒಂದು ತುಂಡು, ಅಷ್ಟೇ. ಸ್ಟ್ರೆಂತ್ ಬಳಸಿ ತಳ್ಳುವ ಬಂಡೆಗಳು ಹಾಗಲ್ಲ, ಅವು ಪ್ರತ್ಯೇಕ ವಸ್ತುಗಳು, ಅವನ್ನು ಸರಿಸೋ ಕೋಡ್ ಇದೆ. ಲಾರಿಗೆ ಅಂಥ ಯಾವುದೂ ಇಲ್ಲ, ಕೆಳಗೆ ಏನೂ ಇಟ್ಟಿಲ್ಲ. ನಿಮ್ಮ ಅಣ್ಣನಿಗೆ ಒಂದು ಸಮಾಧಾನ ಹೇಳಬಹುದು. 2004ರಲ್ಲಿ ಇದೇ ಆಟವನ್ನು ಫೈರ್‌ರೆಡ್, ಲೀಫ್‌ಗ್ರೀನ್ ಅಂತ ಹೊಸದಾಗಿ ಮಾಡಿದಾಗ ಆ ಲಾರಿಯ ಹತ್ತಿರ ಲಾವಾ ಕುಕಿ ಅನ್ನೋ ಒಂದು ತಿಂಡಿ ಅಡಗಿಸಿಟ್ಟರು. ಮಕ್ಕಳು ಅಲ್ಲಿ ಹುಡುಕ್ತಾರೆ ಅನ್ನೋದು ಮಾಡಿದವರಿಗೂ ಗೊತ್ತಾಗಿತ್ತು ಅನ್ನಿಸುತ್ತೆ.

ಈಗ ಮ್ಯೂ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆಗುತ್ತೆ.

ಜಪಾನಿನಲ್ಲಿ ಪೋಕೆಮಾನ್ ರೆಡ್ ಮತ್ತು ಗ್ರೀನ್ ಬಂದಿದ್ದು 1996ರ ಫೆಬ್ರವರಿ 27ಕ್ಕೆ. ಮಾಡಿದ್ದು ಗೇಮ್ ಫ್ರೀಕ್ ಅನ್ನೋ ಸಣ್ಣ ಕಂಪನಿ, ಹಿಡಿದ ಕಾಲ ಸುಮಾರು ಆರು ವರ್ಷ. ಆಟ ಬಹುತೇಕ ಮುಗಿದಿತ್ತು, ಕಾರ್ಟ್ರಿಡ್ಜ್ ತುಂಬಿಹೋಗಿತ್ತು. ಕೊನೆಯಲ್ಲಿ ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದ ಡಿಬಗ್ ಕೋಡ್ ತೆಗೆದಾಗ ಸುಮಾರು 300 ಬೈಟ್ ಜಾಗ ಖಾಲಿ ಆಯಿತು. ಆ ಜಾಗಕ್ಕೆ ಶಿಗೆಕಿ ಮೊರಿಮೊಟೊ ಅನ್ನೋ ಪ್ರೋಗ್ರಾಮರ್ ಮ್ಯೂವನ್ನು ಸೇರಿಸಿದರು. ಪರೀಕ್ಷೆ ಎಲ್ಲ ಮುಗಿದ ಮೇಲೆ ಹೀಗೆ ಹೊಸದೊಂದನ್ನು ಸೇರಿಸೋದು ಈಗಿನ ಕಾಲದಲ್ಲಿ ಯೋಚಿಸೋಕೂ ಆಗಲ್ಲ ಅಂತ ಅವರೇ ಆಮೇಲೆ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ.

ಇದನ್ನು ಅವರ ಮಾತಿನ ಮೇಲೆ ನಂಬಬೇಕಾಗಿಲ್ಲ, ಫೈಲೇ ಸಾಕ್ಷಿ ಹೇಳುತ್ತದೆ. ಪ್ರತಿ ಪೋಕೆಮಾನ್‌ನ ಮೂಲ ವಿವರ, ಅಂದ್ರೆ ಅದರ ಶಕ್ತಿ, ವೇಗ, ಜಾತಿ, ಶುರುವಿನ ಪಟ್ಟುಗಳು, ಇವೆಲ್ಲ 28 ಬೈಟ್‌ನ ಒಂದು ದಾಖಲೆ. ಬಲ್ಬಸಾರ್‌ನಿಂದ ಮ್ಯೂಟೂ ತನಕ 150 ದಾಖಲೆಗಳು ಒಂದರ ಹಿಂದೆ ಒಂದು ಸಾಲಾಗಿ ಇವೆ. ಮ್ಯೂಟೂ ಆದ ಮೇಲೆ ಪಟ್ಟಿ ಮುಗಿಯಿತು. 151ನೆಯದು ಅಲ್ಲಿಲ್ಲ! ಮ್ಯೂ ದಾಖಲೆ ಕಾರ್ಟ್ರಿಡ್ಜ್‌ನ ಬೇರೆ ಕಡೆ, ಸಂಬಂಧವೇ ಇಲ್ಲದ ಕೋಡ್‌ಗಳ ನಡುವೆ ಸಿಕ್ಕಿಸಿದೆ. ಅದರ ಚಿತ್ರವೂ ಅಷ್ಟೇ. ಪೋಕೆಮಾನ್‌ನ ವಿವರ ತರುವ ಕೋಡ್ ನೋಡಿದರೆ ಅಲ್ಲಿ ಒಂದು ಪ್ರತ್ಯೇಕ ಪ್ರಶ್ನೆ ಕಾಣುತ್ತದೆ: ಇದು ಮ್ಯೂನಾ? ಹೌದಾದರೆ ಆ ಕಡೆ ಹೋಗು, ಅಲ್ಲದಿದ್ದರೆ ಪಟ್ಟಿ ನೋಡು. ಚಿತ್ರ ತರುವ ಕೋಡ್‌ನಲ್ಲೂ ಅದೇ ಪ್ರಶ್ನೆ. ಮೊದಲಿಂದಲೇ ಯೋಜನೆಯಲ್ಲಿ ಇದ್ದಿದ್ದರೆ ಯಾರೂ ಹೀಗೆ ಬರೆಯುತ್ತಿರಲಿಲ್ಲ. ಕೊನೆ ಗಳಿಗೆಯ ಅವಸರ ಆ ಬೈಟ್‌ಗಳ ಜೋಡಣೆಯಲ್ಲೇ ಕಾಣುತ್ತದೆ. ನಾನು ಇದನ್ನು ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು, ಈಗಲೂ ಅನ್ನುತ್ತೆ.

ಆಮೇಲೆ ಏನಾಯ್ತು ಅಂದ್ರೆ, 1996ರ ವಸಂತದಲ್ಲಿ ಕೊರೊಕೊರೊ ಕಾಮಿಕ್ ಅನ್ನೋ ಜಪಾನಿ ಮಕ್ಕಳ ಪತ್ರಿಕೆ ಮ್ಯೂ ಬಗ್ಗೆ ಪ್ರಕಟಿಸಿತು. 20 ಜನರಿಗೆ ಮ್ಯೂ ಕೊಡ್ತೀವಿ ಅಂದರು. ಅರ್ಜಿ ಹಾಕಿದವರು ಸುಮಾರು 78,000. ಯಾರಿಗೂ ಕಾಣದ ಹಾಗೆ ಇಟ್ಟಿದ್ದ 151ನೆಯದು ಆಟದ ಹೆಸರನ್ನು ಎಲ್ಲೆಡೆ ಹಬ್ಬಿಸಿತು. ಹೀಗಾಗಿ ಮ್ಯೂವನ್ನು ‘ಕತ್ತರಿಸಿ ತೆಗೆದದ್ದು’ ಅಂತ ಕರೆಯೋದು ಸರಿಯಲ್ಲ. ಅದು ತೆಗೆದದ್ದಲ್ಲ, ಸೇರಿಸಿದ್ದು. ಆಟದೊಳಗೆ ಸಿಗುವ ದಾರಿ ಮಾತ್ರ ಹಾಕಲಿಲ್ಲ.

ಆದರೆ ಆಟಗಾರರು ದಾರಿ ಮಾಡಿಕೊಂಡರು. ಮಾಡಿದವರು ಯೋಚಿಸದೇ ಇದ್ದ ದಾರಿ ಅದು. ಗೇಮ್ ಬಾಯ್‌ನ ಕೆಲಸದ ಮೆಮೊರಿ ತೀರಾ ಕಡಿಮೆ, 8 ಕೆಬಿ. ಅದಕ್ಕೇ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಬಳಸ್ತಾರೆ. ಒಬ್ಬ ಟ್ರೇನರ್ ನಿಮ್ಮನ್ನು ನೋಡಿದಾಗ ಅವನ ವರ್ಗದ ಸಂಖ್ಯೆ ಒಂದು ಬೈಟ್‌ಗೆ ಬಂದು ಕೂರುತ್ತದೆ. ಕಾಳಗ ನಡೆಯುವಾಗ ಅದೇ ಬೈಟ್‌ನಲ್ಲಿ ಎದುರಾಳಿ ಪೋಕೆಮಾನ್‌ನ ಸ್ಪೆಷಲ್ ಅನ್ನೋ ಅಂಕ ಕೂರುತ್ತದೆ. ಟ್ರೇನರ್ ನಿಮ್ಮನ್ನು ನೋಡೋ ಕ್ಷಣಕ್ಕೆ ಸರಿಯಾಗಿ ಸ್ಟಾರ್ಟ್ ಒತ್ತಿ, ಟೆಲಿಪೋರ್ಟ್ ಮಾಡಿ ತಪ್ಪಿಸಿಕೊಂಡು, ಇನ್ನೊಬ್ಬನ ಜೊತೆ ಕಾಳಗ ಆಡಿ ವಾಪಸ್ ಬಂದರೆ, ಆಟ ಮೊದಲಿನ ಟ್ರೇನರ್ ಕಾಳಗವನ್ನು ಈಗ ಶುರು ಮಾಡೋಕೆ ನೋಡುತ್ತದೆ. ಆದರೆ ಆ ಬೈಟ್‌ನಲ್ಲಿ ಈಗ ಇರೋದು ಬೇರೆಯದೇ ಸಂಖ್ಯೆ. ರೂಟ್ 25ರಲ್ಲಿ ನಿಂತಿರೋ ಒಬ್ಬ ಹುಡುಗನ ಸ್ಲೋಪೋಕ್‌ನ ಸ್ಪೆಷಲ್ 21. ಮ್ಯೂ ಒಳಸಂಖ್ಯೆಯೂ 21. ಹಾಗಾಗಿ ಮ್ಯೂ ಎದುರು ಬಂದು ನಿಲ್ಲುತ್ತದೆ, 7ನೇ ಲೆವೆಲ್‌ನಲ್ಲಿ. ಆ 7 ಕೂಡ ಹೀಗೇ ಬಂದದ್ದು. ಪಕ್ಕದ ಬೈಟ್‌ನಲ್ಲಿ ಎದುರಾಳಿಯ ಅಟ್ಯಾಕ್ ಏರಿಳಿತದ ಗುರುತು ಇರುತ್ತದೆ, ಏರಿಳಿತ ಏನೂ ಇಲ್ಲದಿದ್ದರೆ ಅದು 7.

ಇದೇ ದಾರಿಯಲ್ಲಿ ಓಕ್ ಹತ್ತಿರವೂ ಹೋಗಬಹುದು. 200 ದಾಟಿದ ಸಂಖ್ಯೆಗಳನ್ನು ಆಟ ಟ್ರೇನರ್ ಅಂತ ಓದುತ್ತದೆ. 200ಕ್ಕೆ 26 ಸೇರಿಸಿದರೆ 226. ಕೊನೆಯ ಎದುರಾಳಿಯ ಸ್ಪೆಷಲ್ 226 ಇರಬೇಕು. ಜೊತೆಗೆ ಪಕ್ಕದ ಬೈಟ್ 7 ಇದ್ದರೆ ಆಗಲ್ಲ, ಓಕ್‌ಗೆ ಇರೋದು ಮೂರೇ ತಂಡ. ಹಾಗಾಗಿ ಗ್ರೌಲ್ ಅನ್ನೋ, ಎದುರಾಳಿಯ ಅಟ್ಯಾಕ್ ಇಳಿಸುವ ಪಟ್ಟನ್ನು 4ರಿಂದ 6 ಸಲ ಬಳಸಿ ಆ ಸಂಖ್ಯೆಯನ್ನು 3, 2 ಅಥವಾ 1ಕ್ಕೆ ಇಳಿಸಬೇಕು. ಎಷ್ಟು ಸಲ ಇಳಿಸಿದಿರೋ ಅದರ ಮೇಲೆ ಯಾವ ತಂಡ ಅನ್ನೋದು. ಯಾವ ಚೀಟ್ ಕೋಡ್ ಕೂಡ ಬೇಡ. ಬರೆದಿಟ್ಟು ಬಿಟ್ಟ ಕಾಳಗವನ್ನು ಬರೀ ಬಟನ್ ಒತ್ತಿ ಆಡಬಹುದು. ಹೆಸರು, ಚಿತ್ರ, ತಂಡ ಎಲ್ಲ ಸರಿಯಾಗೇ ಬರುತ್ತದೆ.

ಮ್ಯೂ ಒಳಸಂಖ್ಯೆ 21 ಅಂದೆ. ಕೊನೆಯಲ್ಲಿ ಸೇರಿಸಿದ್ದು, ಮತ್ತೆ 21 ಹೇಗೆ? ಇಲ್ಲಿ ಮಿಸಿಂಗ್‌ನೋ ಬರುತ್ತದೆ. ನಿಮಗೆ ಕಾಣುವ ಪೋಕೆಡೆಕ್ಸ್ (ಆಟದೊಳಗಿನ ಪೋಕೆಮಾನ್ ಪಟ್ಟಿ) ಸಂಖ್ಯೆ ಬೇರೆ, ಒಳಗಿನ ಸಂಖ್ಯೆ ಬೇರೆ. ಒಳಗಿನ ಪಟ್ಟಿ ಬಹುಮಟ್ಟಿಗೆ ಪೋಕೆಮಾನ್‌ಗಳನ್ನು ಮಾಡುತ್ತಾ ಹೋದ ಕ್ರಮದಲ್ಲಿದೆ. 1 ಅಂದ್ರೆ ರೈಡಾನ್, ಮೊದಲು ಮಾಡಿದ್ದು ಅದನ್ನೇ ಅಂತ ಚಿತ್ರಕಾರ ಕೆನ್ ಸುಗಿಮೊರಿ ಹೇಳಿದ್ದಾರೆ. ಹೀಗೆ 190 ಸ್ಥಾನಗಳಿವೆ, ಪೋಕೆಮಾನ್ ಇರೋದು 151. ಉಳಿದ 39ಕ್ಕೂ ಒಂದೇ ಹೆಸರು, ಮಿಸಿಂಗ್‌ನೋ. ಒಂದು ಬೀದಿಯಲ್ಲಿ ಮನೆ ಕೆಡವಿದರೂ ಉಳಿದ ಮನೆಗಳ ನಂಬರ್ ಬದಲಾಯಿಸಲ್ಲ, ಖಾಲಿ ಸೈಟ್ ತನ್ನ ನಂಬರ್ ಇಟ್ಟುಕೊಂಡೇ ಇರುತ್ತದೆ, ಇದೂ ಹಾಗೇ. 20 ಆರ್ಕನೈನ್, 22 ಗ್ಯಾರಡೋಸ್, ನಡುವೆ 21 ಖಾಲಿ ಇದ್ದಿರಬೇಕು, ಮ್ಯೂ ಅಲ್ಲಿ ಬಂದು ಸೇರಿಕೊಂಡಿತು. ಖಾಲಿ ಸ್ಥಾನಗಳಲ್ಲಿ ಕೆಲವಕ್ಕೆ ಕೂಗಿನ ಸಂಖ್ಯೆಗಳು ಇನ್ನೂ ಉಳಿದಿವೆ. ಚಿತ್ರ ಇಲ್ಲ, ಹೆಸರು ಇಲ್ಲ, ಕೂಗು ಮಾತ್ರ ಇದೆ. ಅಲ್ಲಿ ಇದ್ದ ಪ್ರಾಣಿಗಳು ಯಾವುವು ಅನ್ನೋದು ಈ ಫೈಲಿನಿಂದ ತಿಳಿಯೋದಿಲ್ಲ.

ಮಿಸಿಂಗ್‌ನೋ ಅಂದ ತಕ್ಷಣ ಎಲ್ಲರೂ ಕೇಳೋದು ಚೀಲದ ಆರನೇ ವಸ್ತು 128 ಜಾಸ್ತಿ ಆಗೋದು ಹೇಗೆ ಅಂತ. ಇದೊಂದು ಲೆಕ್ಕ ಹೇಳಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ನೀವು ಯಾವ ಪೋಕೆಮಾನ್ ನೋಡಿದ್ದೀರಿ ಅನ್ನೋದನ್ನು ಆಟ ಒಂದೊಂದು ಬಿಟ್‌ನಲ್ಲಿ ಬರೆದಿಡುತ್ತದೆ. 151 ಬಿಟ್‌ಗೆ 19 ಬೈಟ್ ಸಾಕು. ಮಿಸಿಂಗ್‌ನೋದ ಪೋಕೆಡೆಕ್ಸ್ ಸಂಖ್ಯೆ 0. ಎಣಿಕೆ ಸೊನ್ನೆಯಿಂದ ಶುರುವಾಗಲಿ ಅಂತ ಆಟ ಒಂದು ಕಳೆಯುತ್ತದೆ. ಒಂದು ಬೈಟ್‌ನಲ್ಲಿ 0ಯಿಂದ 1 ಕಳೆದರೆ 255. ಹಾಗಾಗಿ 255ನೇ ಬಿಟ್ ಹೊತ್ತಿಸೋಕೆ ಹೋಗುತ್ತದೆ, ಅದು 31ನೇ ಬೈಟ್‌ನ ಕೊನೆಯ ಬಿಟ್. ಆದರೆ ಪಟ್ಟಿ 19ಕ್ಕೇ ಮುಗಿದಿದೆ, ಅದರ ಮುಂದೆ ಇರೋದು ನಿಮ್ಮ ಚೀಲ. ಮೊದಲು ಎಷ್ಟು ವಸ್ತು ಅನ್ನೋ ಒಂದು ಬೈಟ್, ಆಮೇಲೆ ಪ್ರತಿ ವಸ್ತುವಿಗೆ ಎರಡೆರಡು, ಯಾವುದು ಮತ್ತು ಎಷ್ಟು. ಸೊನ್ನೆಯಿಂದಲೇ ಎಣಿಸುತ್ತಾ ಬನ್ನಿ, 31ನೇ ಬೈಟ್ ಸರಿಯಾಗಿ ಆರನೇ ವಸ್ತುವಿನ ‘ಎಷ್ಟು’ ಆಗುತ್ತದೆ. ಕೊನೆಯ ಬಿಟ್‌ನ ಬೆಲೆ 128. ಅಷ್ಟೇ ವಿಷಯ. ಆಡಿ ನೋಡೋದಾದರೆ ಸೇವ್ ಫೈಲ್‌ನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಮಿಸಿಂಗ್‌ನೋ ಚಿತ್ರ ಬಿಡಿಸುವಾಗ ಹಾಲ್ ಆಫ್ ಫೇಮ್ ದಾಖಲೆ (ಚಾಂಪಿಯನ್ ಆದಾಗಿನ ತಂಡದ ವಿವರ) ಕೆಟ್ಟುಹೋಗುತ್ತದೆ.

ನಿಮ್ಮ ಮುಖ್ಯ ಪ್ರಶ್ನೆಗೆ ಬರ್ತೀನಿ. ಅಳಿಸದೆ ಯಾಕೆ ಬಿಟ್ಟರು?

ಅಳಿಸಿದರೆ ಲಾಭ ಇಲ್ಲ, ಅಪಾಯ ಇದೆ. ಅದಕ್ಕೆ. ಕಾರ್ಟ್ರಿಡ್ಜ್ ಒಳಗಿನ ಚಿಪ್‌ಗಳು ನಿಗದಿತ ಅಳತೆಯಲ್ಲೇ ಬರುತ್ತವೆ, ಒಂದು ಅಳತೆಯ ಮುಂದಿನದು ಅದರ ಎರಡರಷ್ಟು. ಜಪಾನಿ ರೆಡ್ 512 ಕೆಬಿ, ಇಂಗ್ಲಿಷ್ ರೆಡ್ 1 ಎಂಬಿ. ನೀವು 36 ಬೈಟ್ ಅಳಿಸಿದಿರಿ ಅಂತ ಚಿಪ್ ಅಗ್ಗ ಆಗಲ್ಲ. ಇನ್ನೊಂದು ಕಡೆ, ಟ್ರೇನರ್ ವರ್ಗಗಳ ಪಟ್ಟಿಯಿಂದ 26ನೆಯದನ್ನು ಕಿತ್ತುಹಾಕಿದರೆ 27 ಮುಂದಕ್ಕೆ ಬಂದು 26 ಆಗುತ್ತದೆ, ಅದರ ಮುಂದಿನದೆಲ್ಲ ಒಂದೊಂದು ಸರಿಯುತ್ತದೆ. ಆ ಸಂಖ್ಯೆಗಳನ್ನು ನಂಬಿಕೊಂಡ ನೂರಾರು ಜಾಗ ಇರುತ್ತವೆ. ಒಂದು ಕಡೆ ಬದಲಾಯಿಸೋದು ಮರೆತರೆ ಜಿಮ್ ಲೀಡರ್ ಜಾಗದಲ್ಲಿ ಬೇರೆ ಯಾರೋ ಬಂದು ನಿಲ್ತಾರೆ. ಮತ್ತೆ ಇಡೀ ಆಟವನ್ನು ಮೊದಲಿಂದ ಪರೀಕ್ಷೆ ಮಾಡಬೇಕು. ಅದರ ಬದಲು ಕರೆಯೋ ಒಂದು ಸಾಲು ತೆಗೆದರೆ ಸಾಕು, ಕಾಳಗ ನಡೆಯಲ್ಲ, ಡೇಟಾ ಸುಮ್ಮನೆ ಮಲಗಿರುತ್ತದೆ. ತಿದ್ದೋಕೆ ಇಂಟರ್ನೆಟ್ ಅಪ್‌ಡೇಟ್ ಇಲ್ಲದ ಕಾಲ ಅದು, ಚಿಪ್‌ಗೆ ಒಮ್ಮೆ ಅಚ್ಚಾದರೆ ಮುಗೀತು. ಸರಿಯಾಗಿ ಕೆಲಸ ಮಾಡುತ್ತಿರೋದನ್ನು ಯಾರು ಮುಟ್ಟುತ್ತಾರೆ ಹೇಳಿ.

ಹಾಗಾದರೆ ಮ್ಯೂಗೆ ಯಾಕೆ 300 ಬೈಟ್‌ಗೂ ತತ್ವಾರ ಆಗಿತ್ತು ಅಂತ ಕೇಳಬಹುದು. ಇಡೀ ಕಾರ್ಟ್ರಿಡ್ಜ್ ತುಂಬಿತ್ತು ಅನ್ನೋದು ಒಂದು. ಇನ್ನೊಂದು, ಗೇಮ್ ಬಾಯ್ ಕಾರ್ಟ್ರಿಡ್ಜ್ ಒಂದೇ ದೊಡ್ಡ ಜಾಗ ಅಲ್ಲ, 16 ಕೆಬಿಯ ತುಂಡುಗಳು. ಒಂದು ಹೊತ್ತಿಗೆ ಪ್ರೊಸೆಸರ್‌ಗೆ ಮೊದಲ ತುಂಡು ಮತ್ತು ಬೇಕಾದ ಇನ್ನೊಂದು ತುಂಡು, ಎರಡೇ ಕಾಣುತ್ತವೆ. ಹತ್ತಾರು ತುಂಡುಗಳಲ್ಲಿ ಅಲ್ಲೊಂದು ಇಲ್ಲೊಂದು ಬೈಟ್ ಉಳಿದಿದ್ದರೆ ಅದನ್ನೆಲ್ಲ ಒಟ್ಟು ಮಾಡಿ ಬಳಸೋಕೆ ಬರಲ್ಲ. ಒಂದೇ ಕಡೆ 300 ಸಿಗೋದು ದೊಡ್ಡ ವಿಷಯವೇ ಆಗಿತ್ತು.

ಇಂಥ ಉಳಿಕೆಗಳು ಇನ್ನೂ ಇವೆ. ಮಿಸಿಂಗ್‌ನೋಗೆ ಬರ್ಡ್ ಅನ್ನೋ ಜಾತಿ ಇದೆ, ಆಟದಲ್ಲಿರೋ ಬೇರೆ ಯಾವ ಪೋಕೆಮಾನ್‌ಗೂ ಅದಿಲ್ಲ, ಹಕ್ಕಿಗಳೆಲ್ಲ ಫ್ಲೈಯಿಂಗ್. ಹೊಸ ಆಟ ಶುರು ಮಾಡಿದಾಗ, ನೀವು ಹೆಸರು ಕೊಡೋಕೆ ಮೊದಲು, ಆಟ ನಿಮಗೆ ‘ನಿಂಟೆನ್’ ಅಂತಲೂ ಎದುರಾಳಿಗೆ ‘ಸೋನಿ’ ಅಂತಲೂ ಹೆಸರು ಬರೆದುಕೊಳ್ಳುತ್ತದೆ. ನಿಂಟೆಂಡೊ, ಸೋನಿ ಕಂಪನಿಗಳ ಪೈಪೋಟಿ ಜೋರಾಗಿದ್ದ ಕಾಲ ಅದು. ನೀವು ಹೆಸರು ಕೊಟ್ಟ ತಕ್ಷಣ ಅವು ಅಳಿಸಿಹೋಗುತ್ತವೆ, ಹಾಗಾಗಿ ಯಾರ ಕಣ್ಣಿಗೂ ಬೀಳಲ್ಲ. ಇದರ ಮುಂದಿನ ಆಟಗಳಾದ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ ಫ್ಯೂಷಿಯಾ ಊರಿನ ಸಫಾರಿ ಝೋನ್ ಮುಚ್ಚಿದೆ ಅಂತಾರಲ್ಲ, ಅದರ ಒಂದು ನಕ್ಷೆ ಫೈಲಿನಲ್ಲಿ ಇದೆ, ಒಳಗೆ ಹೋಗೋ ಬಾಗಿಲು ಮಾತ್ರ ಇಲ್ಲ.

ಈಗ ಮೂರನೇ ಜಾತಿ, ಬೀಗ ಹಾಕಿದ ಬಾಗಿಲು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಪೋಕೆಮಾನ್ ಕ್ರಿಸ್ಟಲ್ ಆಟದ ಜಿಎಸ್ ಬಾಲ್ ಅನ್ನೋ ವಸ್ತು. ಜಪಾನಿನಲ್ಲಿ ಕ್ರಿಸ್ಟಲ್ ಬಂದಿದ್ದು 2000ದ ಡಿಸೆಂಬರ್‌ನಲ್ಲಿ. ಮುಂದಿನ ತಿಂಗಳು ಗೇಮ್ ಬಾಯ್‌ಗೆ ಮೊಬೈಲ್ ಫೋನ್ ಜೋಡಿಸೋ ಒಂದು ಅಡಾಪ್ಟರ್ ಬಂತು. ಅದರ ಮೂಲಕ ಜಿಎಸ್ ಬಾಲ್ ಸಿಗುತ್ತಿತ್ತು. ಅದನ್ನು ಅಝೇಲಿಯಾ ಊರಿನ ಕರ್ಟ್ ಅಜ್ಜನಿಗೆ ಕೊಡಬೇಕು, ಅವರು ಒಂದು ದಿನ ಪರೀಕ್ಷೆ ಮಾಡಿ ವಾಪಸ್ ಕೊಡ್ತಾರೆ, ಆಮೇಲೆ ಐಲೆಕ್ಸ್ ಕಾಡಿನ ಸಣ್ಣ ಗುಡಿಯ ಹತ್ತಿರ ಇಟ್ಟರೆ 30ನೇ ಲೆವೆಲ್‌ನ ಸೆಲೆಬಿ ಅನ್ನೋ ಪೋಕೆಮಾನ್ ಬರುತ್ತದೆ. ಅಡಾಪ್ಟರ್ ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. ಇಂಗ್ಲಿಷ್ ಕ್ರಿಸ್ಟಲ್‌ನಲ್ಲಿ ಜಿಎಸ್ ಬಾಲ್ ಸಿಗೋದು ನಿಂತುಹೋಯಿತು. ಆದರೆ ಕರ್ಟ್ ಅಜ್ಜನ ಮಾತು, ಗುಡಿ, ಸೆಲೆಬಿ, ಎಲ್ಲ ಅನುವಾದ ಆಗಿ ಅಲ್ಲೇ ಉಳಿದವು. ಸೇವ್ ಫೈಲ್‌ನ ಒಂದೇ ಒಂದು ಬೈಟ್‌ನಲ್ಲಿ 11 ಅಂತ ಬರೆದರೆ ಗೋಲ್ಡನ್‌ರಾಡ್ ಪೋಕೆಮಾನ್ ಸೆಂಟರ್‌ನಲ್ಲಿ ಜಿಎಸ್ ಬಾಲ್ ಕೈಗೆ ಬರುತ್ತದೆ, ಮುಂದಿನದೆಲ್ಲ ಸಲೀಸಾಗಿ ನಡೆಯುತ್ತದೆ. ಒಂದು ಬೈಟ್!

2018ರ ಜನವರಿ 26ಕ್ಕೆ ನಿಂಟೆಂಡೊ 3ಡಿಎಸ್‌ನಲ್ಲಿ ಕ್ರಿಸ್ಟಲ್ ಮತ್ತೆ ಬಿಟ್ಟಾಗ, ಆಟದಲ್ಲಿ ಚಾಂಪಿಯನ್ ಆದವರಿಗೆಲ್ಲ ಜಿಎಸ್ ಬಾಲ್ ಸಿಗೋ ಹಾಗೆ ಮಾಡಿದರು. ಇಂಗ್ಲಿಷ್ ಆಟಗಾರರಿಗೆ ಅದು ನ್ಯಾಯವಾಗಿ ಸಿಕ್ಕಿದ್ದು ಅವತ್ತೇ, ಆಟ ಅವರ ಕೈಗೆ ಬಂದು 16 ವರ್ಷ ದಾಟಿದ ಮೇಲೆ. ಅಳಿಸದೆ ಇಟ್ಟಿದ್ದಕ್ಕೆ ಸಿಕ್ಕ ಫಲ ಅಂದ್ರೆ ಇದು. ಬೇಸರದ ವಿಷಯ ಅಂದ್ರೆ, 2023ರ ಮಾರ್ಚ್‌ನಲ್ಲಿ 3ಡಿಎಸ್ ಅಂಗಡಿ ಮುಚ್ಚಿತು. ಅದಕ್ಕೆ ಮೊದಲು ಕೊಂಡವರಿಗೆ ಮಾತ್ರ ಆ ಅದೃಷ್ಟ.

ಡೈಮಂಡ್ ಮತ್ತು ಪರ್ಲ್‌ನಲ್ಲಿ ಇನ್ನೂ ವಿಚಿತ್ರ. 2006ರ ಆಟ. ಅಝೂರ್ ಫ್ಲೂಟ್ ಅನ್ನೋ ಕೊಳಲನ್ನು ಬೆಟ್ಟದ ತುದಿಯ ಸ್ಪಿಯರ್ ಪಿಲ್ಲರ್‌ನಲ್ಲಿ ಊದಿದರೆ ಆಕಾಶಕ್ಕೆ ಬೆಳಕಿನ ಮೆಟ್ಟಿಲು ಮೂಡುತ್ತದೆ, ಮೇಲೆ 80ನೇ ಲೆವೆಲ್‌ನ ಆರ್ಕಿಯಸ್. ಎಲ್ಲ ಪೂರ್ತಿಯಾಗಿ ಮಾಡಿ ಮುಗಿಸಿದ್ದಾರೆ, ಸಂಗೀತ ಸಮೇತ. ಆದರೆ ಆ ಕೊಳಲನ್ನು ಯಾವ ದೇಶದಲ್ಲೂ ಯಾರಿಗೂ ಕೊಡಲಿಲ್ಲ. ಆಟಗಾರರಿಗೆ ಗೊಂದಲ ಆಗಬಹುದು ಅನ್ನಿಸಿತು ಅಂತ ಆಟದ ನಿರ್ದೇಶಕ ಜುನಿಚಿ ಮಸುಡಾ ಆಮೇಲೆ ಕಾರಣ ಕೊಟ್ಟರು. ನನಗೆ ಆ ಕಾರಣ ಒಪ್ಪಿಗೆ ಆಗಿಲ್ಲ. ಆ ಮೆಟ್ಟಿಲು ಆ ಆಟದ ಅತ್ಯಂತ ಚಂದದ ದೃಶ್ಯ, ಅದನ್ನು ಮಾಡಿದವರ ಶ್ರಮ ಅಷ್ಟು ವರ್ಷ ಕತ್ತಲಲ್ಲಿ ಇತ್ತು. 2021ರಲ್ಲಿ ಇದೇ ಆಟ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಹೊಸದಾಗಿ ಬಂತು. ಮುಂದಿನ ವರ್ಷ ಲೆಜೆಂಡ್ಸ್ ಆರ್ಕಿಯಸ್ ಅನ್ನೋ ಇನ್ನೊಂದು ಆಟ ಮುಗಿಸಿದ ಸೇವ್ ಇದ್ದವರಿಗೆ ಕೊಳಲು ಸಿಕ್ಕಿತು. ಹಳೇ ಕಾರ್ಟ್ರಿಡ್ಜ್ ಇಟ್ಟುಕೊಂಡವರಿಗೆ ಈಗಲೂ ಇಲ್ಲ.

ಪೂರ್ತಿ ಕತ್ತರಿಸಿ ತೆಗೆದದ್ದು, ಫೈಲಿನಲ್ಲಿ ಧೂಳೂ ಉಳಿಯದ ಹಾಗೆ ಹೋದದ್ದು ಹೇಗಿರುತ್ತೆ ಅಂತ ನೋಡಬೇಕಾದರೆ ಗೋಲ್ಡ್ ಮತ್ತು ಸಿಲ್ವರ್‌ನ ಹಳೆಯ ಡೆಮೊ ಇದೆ. 1997ರ ನವೆಂಬರ್‌ನಲ್ಲಿ ಸ್ಪೇಸ್‌ವರ್ಲ್ಡ್ ಅನ್ನೋ ನಿಂಟೆಂಡೊ ಪ್ರದರ್ಶನದಲ್ಲಿ ಜನರಿಗೆ ಆಡೋಕೆ ಕೊಟ್ಟದ್ದು. ಆಟ ನಿಜವಾಗಿ ಬಂದಿದ್ದು 1999ರ ನವೆಂಬರ್ 21ಕ್ಕೆ, ಅಷ್ಟರಲ್ಲಿ ಬಹುತೇಕ ಎಲ್ಲ ಬದಲಾಗಿತ್ತು. ಆ ಡೆಮೊ 2018ರ ಮೇ ಕೊನೆಯಲ್ಲಿ ಸೋರಿಕೆ ಆಯಿತು. ಅದರಲ್ಲಿ ಬೆಂಕಿಯ ಕರಡಿ ಮರಿ ಹೊನೊಗುಮಾ ಶುರುವಿನ ಪೋಕೆಮಾನ್‌ಗಳಲ್ಲಿ ಒಂದು. ಕೊಟೊರಾ ಅನ್ನೋ ಮಿಂಚಿನ ಹುಲಿ ಮರಿ ಇದೆ. ನಕ್ಷೆ ಇಡೀ ಜಪಾನ್ ದೇಶದ ಆಕಾರ, ಹಳೆಯ ಆಟದ ಕ್ಯಾಂಟೊ ಪ್ರಾಂತ್ಯ ಅದರಲ್ಲಿ ಒಂದೇ ಒಂದು ಊರು. ಈವೀ ಅನ್ನೋ ಪೋಕೆಮಾನ್‌ನ ಹುಲ್ಲಿನ ರೂಪ ಅದರಲ್ಲೇ ಇದೆ, ನಮಗೆ ಲೀಫಿಯಾನ್ ಸಿಕ್ಕಿದ್ದು 2006ರಲ್ಲಿ. ಟ್ಯಾಂಜೆಲಾ ಮತ್ತು ಲಿಕಿಟಂಗ್‌ನ ಮುಂದಿನ ರೂಪಗಳದ್ದೂ ಇದೇ ಕಥೆ. ಕೈಬಿಟ್ಟದ್ದನ್ನು ಅವರು ಮರೆತಿರಲಿಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ. ಅಪ್ಪಣೆ ಇಲ್ಲದೆ ಹೊರಗೆ ಬಂದ ಫೈಲ್ ಅದು, ಅದನ್ನು ಇಳಿಸಿಕೊಳ್ಳಿ ಅಂತ ನಾನು ಹೇಳಲ್ಲ. ಅದರ ಬಗ್ಗೆ ಓದಿ ತಿಳಿಯೋಕೆ ಬೇಕಾದಷ್ಟು ಇದೆ.

ಕೊನೆಯದು, ನೀವೇ ಹುಡುಕೋದು. ನಿಮ್ಮದೇ ಕಾರ್ಟ್ರಿಡ್ಜ್‌ನಿಂದ ತೆಗೆದ ಫೈಲ್ ಆದರೆ ಒಳ್ಳೆಯದು. ಫೋನ್ ಬೇಡ, ಕಂಪ್ಯೂಟರ್‌ನಲ್ಲಿ ಕೂತುಕೊಳ್ಳಿ. ಬಿಜಿಬಿ ಅಥವಾ ಎಂಜಿಬಿಎ ಅನ್ನೋ ಎಮ್ಯುಲೇಟರ್ ಹಾಕಿಕೊಳ್ಳಿ, ಎರಡರಲ್ಲೂ ಮೆಮೊರಿ ನೋಡುವ, ಚಿತ್ರದ ತುಣುಕು ನೋಡುವ ಕಿಟಕಿಗಳಿವೆ. ಮೊದಲು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ಹಾಗೇ ತೋರಿಸೋ ಸಾಧನ) ಮೇಲೆ ಕೊಟ್ಟ 12 ಸಂಖ್ಯೆಗಳನ್ನು ಹೆಕ್ಸ್‌ಗೆ, ಅಂದ್ರೆ 16ರ ಲೆಕ್ಕಕ್ಕೆ, ಬದಲಾಯಿಸಿ ಹುಡುಕಿ. ಸಿಗುತ್ತದೆ. ಅದರ ಬೆನ್ನಿಗೇ ಇನ್ನೆರಡು ತಂಡ.

ಅಕ್ಷರ ಹುಡುಕುವಾಗ ಮಾತ್ರ ಒಂದು ತೊಡಕಿದೆ. ಈ ಆಟ ಕಂಪ್ಯೂಟರ್‌ನ ಮಾಮೂಲಿ ಅಕ್ಷರ ಸಂಖ್ಯೆ ಬಳಸೋದಿಲ್ಲ. ಇಂಗ್ಲಿಷ್ ದೊಡ್ಡ ಅಕ್ಷರ ಎ ಇಲ್ಲಿ 128, ಬಿ 129, ಹಾಗೇ ಮುಂದಕ್ಕೆ. ಓಕ್ ಅಂತ ಬರೆದದ್ದು 142, 128, 138 ಆಗಿರುತ್ತದೆ. ಪದ ಮುಗಿದ ಗುರುತು 80. ಇದು ಗೊತ್ತಿಲ್ಲದ ಬೇರೆ ಆಟದಲ್ಲಾದರೆ ಅಕ್ಷರಗಳ ನಡುವಿನ ಅಂತರ ಇಟ್ಟುಕೊಂಡು ಹುಡುಕಬೇಕು, ಮೊದಲಿಂದ ಎರಡನೆಯದು 14 ಕಡಿಮೆ, ಎರಡರಿಂದ ಮೂರನೆಯದು 10 ಜಾಸ್ತಿ, ಹೀಗೆ. ಅದಕ್ಕೂ ಸಾಧನಗಳಿವೆ.

ಓಕ್ ಕಾಳಗವನ್ನು ಕಣ್ಣಾರೆ ನೋಡಬೇಕು, ಗ್ರೌಲ್ ಲೆಕ್ಕ ಎಲ್ಲ ಬೇಡ ಅಂದ್ರೆ ಇನ್ನೂ ಸುಲಭ. ಮೆಮೊರಿ ಕಿಟಕಿಯಲ್ಲಿ ಸಿಡಿ2ಡಿ (CD2D) ವಿಳಾಸಕ್ಕೆ ಹೋಗಿ, ನಿಮ್ಮನ್ನು ನೋಡಿದ ಟ್ರೇನರ್‌ನ ವರ್ಗದ ಸಂಖ್ಯೆ ಇರೋದು ಅಲ್ಲೇ. ಯಾರಾದರೂ ಟ್ರೇನರ್ ಹತ್ತಿರ ಬಂದು ಮಾತಾಡಿದ ಕ್ಷಣಕ್ಕೆ ಆಟ ನಿಲ್ಲಿಸಿ, ಆ ಬೈಟ್‌ಗೆ 226 ಬರೆದು, ಮತ್ತೆ ಬಿಡಿ. ಆ ಟ್ರೇನರ್‌ನ ತಂಡದ ಸಂಖ್ಯೆ 3ರ ಒಳಗಿರಬೇಕು, ಹಾಗಾಗಿ ಆಟದ ಶುರುವಿನಲ್ಲಿ ಸಿಗೋರನ್ನು ಆರಿಸಿಕೊಳ್ಳಿ. ನಿಮ್ಮ ತಂಡದಲ್ಲಿ 70ರ ಗ್ಯಾರಡೋಸ್ ಎದುರಿಸೋ ಒಳ್ಳೆ ಎಲೆಕ್ಟ್ರಿಕ್ ಪೋಕೆಮಾನ್ ಒಂದು ಇರಲಿ.